ಮಕ್ಕಳಿಗೆ ಗೇಮ್ ಇನ್‌ಸ್ಟಾಲ್ ಮಾಡಿಕೊಡುವ ಮುಂಚೆ ಏನೇನು ನೋಡಬೇಕು?

ಏಪ್ರಿಲ್ ರಜೆ ಶುರುವಾದ ಕೂಡಲೇ ಬೆಂಗಳೂರಿನ ಯಾವ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪ್ ನೋಡಿದರೂ ಈ ಪ್ರಶ್ನೆ ಇದ್ದೇ ಇರುತ್ತದೆ. "ಎಂಟು ವರ್ಷದ ಮಗನಿಗೆ ಒಳ್ಳೇ ಗೇಮ್ ಯಾವುದಾದ್ರೂ ಇದ್ರೆ ಹೇಳಿ ಪ್ಲೀಸ್." ಹೊರಗೆ ಬಿಸಿಲು, ಸಮ್ಮರ್ ಕ್ಯಾಂಪ್ ಮಧ್ಯಾಹ್ನಕ್ಕೇ ಮುಗಿದಿರುತ್ತದೆ, ಅಪ್ಪ ಅಮ್ಮ ಇಬ್ಬರೂ ಮನೆಯಲ್ಲೇ ಇದ್ದರೂ ಆಫೀಸ್ ಕಾಲ್‌ನಲ್ಲಿ ಸಿಕ್ಕಿಹಾಕಿಕೊಂಡಿರುತ್ತಾರೆ. ಐದು ನಿಮಿಷದಲ್ಲಿ ಗ್ರೂಪಿನಲ್ಲಿ ಹತ್ತು ಹೆಸರು ಬರುತ್ತವೆ. ಅದರಲ್ಲಿ ಒಂದನ್ನು ಇನ್‌ಸ್ಟಾಲ್ ಮಾಡಿ ಫೋನ್ ಕೊಟ್ಟುಬಿಡುತ್ತೇವೆ.

ಇಲ್ಲಿ ನಾನು ಹೇಳಬೇಕು ಅಂತಿರುವುದು ಇಷ್ಟೇ. ಸ್ಟೋರ್‌ನಲ್ಲಿ ಕಾಣುವ ವಯಸ್ಸಿನ ನಂಬರ್ ಒಂದನ್ನೇ ನೋಡಿ ಗೇಮ್ ಆರಿಸಿದರೆ ಅರ್ಧ ಕೆಲಸ ಆದ ಹಾಗೆ. ಆ ನಂಬರ್ ಮುಖ್ಯವಾಗಿ ಹೊಡೆದಾಟ, ರಕ್ತ, ಬೈಗುಳ, ಅಶ್ಲೀಲತೆ ಇವುಗಳ ಲೆಕ್ಕ ಹೇಳುತ್ತದೆ. ಆದರೆ ನಮ್ಮ ಮನೆಗಳಲ್ಲಿ ಗೇಮ್ ವಿಷಯಕ್ಕೆ ಜಗಳ ಆಗುವುದು ಹೆಚ್ಚಾಗಿ ಬೇರೆ ಮೂರು ಕಾರಣಕ್ಕೆ: ದುಡ್ಡು ಹೋಯಿತು, ಗುರುತಿಲ್ಲದವರು ಯಾರೋ ಮಾತಾಡಿಸಿದರು, ಆಟ ನಿಲ್ಲಿಸು ಅಂದರೆ ನಿಲ್ಲಿಸಲಿಲ್ಲ. ಈ ಮೂರನ್ನೂ ಇನ್‌ಸ್ಟಾಲ್ ಮಾಡುವ ಮುಂಚೆಯೇ ಸಾಕಷ್ಟು ಮಟ್ಟಿಗೆ ಕಂಡುಕೊಳ್ಳಬಹುದು. ಜೀವನದಲ್ಲಿ ಒಂದು ಗೇಮೂ ಆಡದವರಿಗೂ ಇದು ಆಗುವ ಕೆಲಸವೇ. ಒಂದು ಗೇಮಿಗೆ ಮುಕ್ಕಾಲು ಗಂಟೆ ಎತ್ತಿಡಿ.

ಮೊದಲನೇ ಹೆಜ್ಜೆ: ಮಗುವನ್ನು ನೋಡಿ, ಗೇಮ್ ಆಮೇಲೆ

ತೀರಾ ಚಿಕ್ಕ ಮಕ್ಕಳ ವಿಷಯ ಬೇಗ ಮುಗಿಸುತ್ತೇನೆ. ಎರಡು ವರ್ಷದ ಒಳಗಿನ ಮಗುವಿಗೆ ಸ್ಕ್ರೀನ್ ಬೇಡವೇ ಬೇಡ ಎನ್ನುತ್ತದೆ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್. ಊರಿನ ಅಜ್ಜಿ ತಾತನ ಜೊತೆ ಆಗೊಮ್ಮೆ ಈಗೊಮ್ಮೆ ವಿಡಿಯೋ ಕಾಲ್ ಮಾಡಿದರೆ ಪರವಾಗಿಲ್ಲ. ಎರಡರಿಂದ ಐದು ವರ್ಷದವರಿಗೆ ದಿನಕ್ಕೆ ಹೆಚ್ಚೆಂದರೆ 1 ಗಂಟೆ, ಐದರಿಂದ ಹತ್ತರವರೆಗೆ 2 ಗಂಟೆಗಿಂತ ಕಡಿಮೆ. ಇದು ಗೇಮ್ ಒಂದಕ್ಕೇ ಅಲ್ಲ, ಟಿವಿ, ಯೂಟ್ಯೂಬ್ ಎಲ್ಲಾ ಸೇರಿ. ಊಟ ಮಾಡಿಸುವಾಗ ಸುಮ್ನೆ ಕೂರಲಿ ಅಂತ ಹಚ್ಚಿಕೊಡುವ ಕಾರ್ಟೂನೂ ಈ ಲೆಕ್ಕಕ್ಕೇ ಬರುತ್ತದೆ.

ಆರು ಏಳು ವರ್ಷ ದಾಟಿದ ಮೇಲೆ ವಯಸ್ಸಿಗಿಂತ ಸ್ವಭಾವ ಮುಖ್ಯ ಆಗುತ್ತದೆ. ಒಂದೇ ಮನೆಯ ಇಬ್ಬರು ಮಕ್ಕಳಿಗೆ ಒಂದೇ ಗೇಮ್ ಸರಿ ಹೋಗಬೇಕು ಅಂತೇನಿಲ್ಲ. ಕೆಲವರಿಗೆ ಸೋಲು ತಡೆಯೋದಕ್ಕೇ ಆಗಲ್ಲ, ಕೇರಂ ಆಡಿದರೂ ಬೋರ್ಡ್ ಎತ್ತಿ ಹಾಕುತ್ತಾರೆ. ಅಂಥವರಿಗೆ ಪ್ರತಿ ಎರಡು ನಿಮಿಷಕ್ಕೆ ಯಾರೋ ಅಪರಿಚಿತನ ಕೈಯಲ್ಲಿ ಸೋಲಿಸುವ ಆನ್‌ಲೈನ್ ಗೇಮ್ ಕೊಟ್ಟರೆ ಸಂಜೆಯೆಲ್ಲಾ ರಂಪ. ಕೆಲವರು ಹೆದರುತ್ತಾರೆ, ರಾತ್ರಿ ಒಬ್ಬರೇ ಬಾತ್‌ರೂಮಿಗೆ ಹೋಗಲ್ಲ. ಹಗಲಲ್ಲಿ ಖುಷಿಯಾಗಿ ಆಡಿದ ದೆವ್ವದ ಗೇಮ್ ಅವರಿಗೆ ರಾತ್ರಿ ನೆನಪಾಗುತ್ತದೆ. ಜೋಡಿಸುವುದು, ಕಟ್ಟುವುದು, ಬಣ್ಣ ಹಚ್ಚುವುದು ಇಷ್ಟ ಇರುವ ಮಗು ಬೇರೆಯೇ. ಇದೆಲ್ಲಾ ನಿಮಗೆ ಗೊತ್ತಿರುವುದೇ. ಗೇಮ್ ಆರಿಸುವಾಗ ಅದನ್ನು ಲೆಕ್ಕಕ್ಕೆ ತಗೊಳ್ಳಿ ಅಷ್ಟೇ.

ಆಮೇಲೆ ಮಗುವನ್ನೇ ಕೇಳಿ, ಇದೇ ಗೇಮ್ ಯಾಕೆ ಬೇಕು ಅಂತ. ಬೈಯುವ ದನಿಯಲ್ಲಿ ಬೇಡ, ನಿಜವಾಗಿಯೂ ತಿಳಿದುಕೊಳ್ಳೋದಕ್ಕೆ ಕೇಳಿ. ನನಗೆ ಸಿಕ್ಕ ಉತ್ತರ ಇದು:

"ಯಾಕೋ ಪುಟ್ಟ, ಇದೇ ಆಗಬೇಕಾ?"

"ವ್ಯಾನ್‌ನಲ್ಲಿ ಎಲ್ರೂ ಇದನ್ನೇ ಆಡೋದು ಅಮ್ಮ. ಅವ್ರು ಏನು ಮಾತಾಡ್ತಾರೆ ಅಂತಾನೇ ನಂಗೆ ಗೊತ್ತಾಗಲ್ಲ."

ಅಂದರೆ ಅವನಿಗೆ ಬೇಕಾಗಿದ್ದದ್ದು ಬಂದೂಕು ಅಲ್ಲ, ಸ್ಕೂಲ್ ವ್ಯಾನಿನ ಮಾತುಕತೆಯಲ್ಲಿ ಒಂದು ಜಾಗ. ಇದು ಗೊತ್ತಾದರೆ ದಾರಿ ಸಿಗುತ್ತದೆ. ವ್ಯಾನಿನ ಇಬ್ಬರು ಹುಡುಗರನ್ನು ಶನಿವಾರ ಮನೆಗೆ ಕರೆದು ಟಿವಿಗೆ ಹಾಕಿಕೊಂಡು ಒಟ್ಟಿಗೆ ಆಡುವಂಥ ಗೇಮ್ ಕೊಡಬಹುದು, ಅಥವಾ ಅದೇ ಗೇಮನ್ನು ಚಾಟ್ ಆಫ್ ಮಾಡಿ, ಗುರುತಿನ ಮಕ್ಕಳ ಜೊತೆ ಮಾತ್ರ ಅಂತ ಬಿಡಬಹುದು. "ಬೇಡ ಅಂದ್ರೆ ಬೇಡ" ಅಂದುಬಿಟ್ಟರೆ ಅವನು ಫ್ರೆಂಡ್ ಮನೆಯಲ್ಲಿ ಆಡುತ್ತಾನೆ, ನಮಗೆ ಹೇಳಲ್ಲ.

ಎರಡನೇ ಹೆಜ್ಜೆ: ವಯಸ್ಸಿನ ನಂಬರ್ ಓದುವುದು ಹೇಗೆ

ಸಿನಿಮಾಗೆ ಯು, ಎ ಸರ್ಟಿಫಿಕೇಟ್ ಕೊಡುವ ಸೆನ್ಸಾರ್ ಬೋರ್ಡ್ ತರ ಗೇಮ್‌ಗಳನ್ನು ಕೂತು ನೋಡುವ ಮಂಡಳಿ ನಮ್ಮಲ್ಲಿ ಇಲ್ಲ. ಹಾಗಾಗಿ ನಮಗೆ ಕಾಣುವುದು ಹೊರಗಿನ ರೇಟಿಂಗ್‌ಗಳು. ಪ್ಲೇಸ್ಟೋರ್‌ನಲ್ಲಿ 3+, 7+, 12+, 16+, 18+ ಅಂತ ಇರುತ್ತದೆ. ಇದು ಬರುವುದು ಐಎಆರ್‌ಸಿ ಎಂಬ ಅಂತರರಾಷ್ಟ್ರೀಯ ಒಕ್ಕೂಟದ ಪದ್ಧತಿಯಿಂದ. ಗೇಮ್ ಮಾಡಿದವರು ಒಂದು ಪ್ರಶ್ನಾವಳಿ ತುಂಬುತ್ತಾರೆ, ರಕ್ತ ಕಾಣುತ್ತದಾ, ಜೂಜು ಇದೆಯಾ, ಆಟಗಾರರು ಪರಸ್ಪರ ಮಾತಾಡಬಹುದಾ ಅಂತೆಲ್ಲಾ. ಆ ಉತ್ತರಗಳ ಮೇಲೆ ನಂಬರ್ ಬೀಳುತ್ತದೆ. ಆ್ಯಪಲ್ 2025ರಲ್ಲಿ ತನ್ನ ಪಟ್ಟಿ ಬದಲಿಸಿತು, ಈಗ ಅಲ್ಲಿ 4+, 9+, 13+, 16+, 18+ ಇವೆ. ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ಡಿಸ್ಕ್ ತಗೊಂಡರೆ ಡಬ್ಬಿಯ ಮೂಲೆಯಲ್ಲಿ ಯುರೋಪಿನ ಪೆಗಿ ನಂಬರ್ ಇರುತ್ತದೆ (3, 7, 12, 16, 18), ಇಲ್ಲವೇ ಅಮೆರಿಕದ ಇಎಸ್‌ಆರ್‌ಬಿಯ ಅಕ್ಷರ ಇರುತ್ತದೆ. ಅದರಲ್ಲಿ 'ಇ' ಅಂದರೆ ಎಲ್ಲರಿಗೂ, 'ಇ10+' ಅಂದರೆ ಹತ್ತು ದಾಟಿದವರಿಗೆ, 'ಟಿ' ಅಂದರೆ 13 ದಾಟಿದವರಿಗೆ, 'ಎಂ' ಅಂದರೆ 17 ದಾಟಿದವರಿಗೆ.

ನಂಬರ್ ನೋಡಿ ಅಲ್ಲಿಗೇ ಬಿಡಬೇಡಿ. ಪ್ಲೇಸ್ಟೋರ್‌ನಲ್ಲಿ ಆ ನಂಬರ್ ಮೇಲೆ ಒತ್ತಿದರೆ ಯಾಕೆ ಆ ನಂಬರ್ ಅಂತ ಒಂದೆರಡು ಸಾಲು ಬರುತ್ತದೆ. ನಮಗೆ ಬೇಕಾದ ವಿಷಯ ಅಲ್ಲಿದೆ. ಹಿಂಸೆ ಇದೆಯಾ, ಆಟಗಾರರು ಒಬ್ಬರ ಜೊತೆ ಒಬ್ಬರು ಮಾತಾಡುತ್ತಾರಾ, ಒಳಗೆ ಖರೀದಿ ಇದೆಯಾ, ಖರೀದಿಯಲ್ಲಿ ಏನು ಬರುತ್ತದೆ ಅಂತ ಮೊದಲೇ ಗೊತ್ತಾಗದ ಲಾಟರಿ ತರಹದ ಐಟಂ ಇದೆಯಾ, ಎಲ್ಲಾ ಬರೆದಿರುತ್ತಾರೆ.

ಇನ್ನೆರಡು ಮಾತು. 3+ ಅಂದರೆ ಮೂರು ವರ್ಷದ ಮಗುವಿಗೆ ಆಡೋಕೆ ಬರುತ್ತದೆ ಅಂತ ಅರ್ಥ ಅಲ್ಲ. ಅದರಲ್ಲಿ ಕೆಟ್ಟದ್ದು ಕಾಣಿಸಲ್ಲ ಅಂತ ಮಾತ್ರ. ಕಾಲೇಜು ಹುಡುಗರಿಗೇ ಕಷ್ಟ ಆಗುವ ಫುಟ್‌ಬಾಲ್ ಗೇಮಿಗೂ 3 ಅಂತ ಇರಬಹುದು. ಇನ್ನೊಂದು, ಆಡುವಾಗ ಎದುರಿನವರು ಏನು ಮಾತಾಡುತ್ತಾರೆ ಅನ್ನೋದಕ್ಕೆ ರೇಟಿಂಗ್ ಕೊಟ್ಟಿಲ್ಲ ಅಂತ ಇಎಸ್‌ಆರ್‌ಬಿ ತಾನೇ ಸ್ಪಷ್ಟವಾಗಿ ಹೇಳುತ್ತದೆ. ಹೇಗೆ ಕೊಡೋಕಾಗುತ್ತೆ, ಅಲ್ವಾ? ಅದು ಆ ಕ್ಷಣ ಯಾರು ಸಿಕ್ಕರು ಅನ್ನುವುದರ ಮೇಲೆ ಹೋಗುತ್ತದೆ.

18 ಅಂತ ಇರುವುದನ್ನು ಮಕ್ಕಳಿಗೆ ಕೊಡಬೇಡಿ. ಕಾರ್ ಕದಿಯುವ, ಗುಂಡು ಹಾರಿಸುವ ಜಿಟಿಎ 5 ಅನ್ನುವ ಗೇಮಿಗೆ ಪೆಗಿ 18 ಕೊಟ್ಟಿದೆ, ಇಎಸ್‌ಆರ್‌ಬಿ 'ಎಂ' ಕೊಟ್ಟಿದೆ. ಆರನೇ ಕ್ಲಾಸ್ ಮಕ್ಕಳು ಅದನ್ನು ಆಡುತ್ತಿರುವುದು ಎಲ್ಲರಿಗೂ ಗೊತ್ತು. "ಸುಮ್ನೆ ಕಾರ್ ಓಡಿಸ್ತೀನಿ ಅಷ್ಟೇ" ಅಂತಾರೆ. ಕಾರ್ ಓಡಿಸೋಕೆ ಅಂತಲೇ ನೂರಾರು ಗೇಮ್ ಇವೆ. ಈ ವಿಷಯದಲ್ಲಿ ನಾನು ಜಗ್ಗಲ್ಲ, ನೀವೂ ಜಗ್ಗಬೇಡಿ.

ಮೂರನೇ ಹೆಜ್ಜೆ: ದುಡ್ಡು ಎಲ್ಲಿ ಕೇಳುತ್ತದೆ?

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಫ್ರೀ ಗೇಮ್ ಮಾಡಿದವರಿಗೂ ಸಂಬಳ, ಬಾಡಿಗೆ ಇರುತ್ತದೆ. ಆ ದುಡ್ಡು ಜಾಹೀರಾತಿನಿಂದ ಬರಬೇಕು, ಇಲ್ಲ ಗೇಮ್ ಒಳಗಿನ ಅಂಗಡಿಯಿಂದ ಬರಬೇಕು. ಪ್ಲೇಸ್ಟೋರ್‌ನಲ್ಲಿ ಗೇಮಿನ ವಿವರಣೆ ತೆರೆದು ಕೆಳಗಿನ ತನಕ ಹೋದರೆ ಒಳಗಿನ ಖರೀದಿಯ ಬೆಲೆ ಎಷ್ಟರಿಂದ ಎಷ್ಟು ಅಂತ ಒಂದು ಸಾಲು ಇರುತ್ತದೆ. ಮೊದಲ ಅಂಕಿ ಚಿಕ್ಕದು, ಅದನ್ನು ಬಿಡಿ. ಎರಡನೇ ಅಂಕಿ ನೋಡಿ. ಒಂದೇ ಒಂದು ಐಟಂಗೆ ಸಾವಿರಾರು ರೂಪಾಯಿ ಅಂತ ಇದ್ದರೆ ಈ ಗೇಮ್ ಯಾವ ಲೆಕ್ಕದಲ್ಲಿ ನಡೆಯುತ್ತದೆ ಅಂತ ಅರ್ಥ ಆಗುತ್ತದೆ.

ಈಗ ಮಗು ಕೂತು ಆಡುವಾಗ ಏನು ನಡೆಯುತ್ತದೆ ಅಂತ ಹತ್ತಿರದಿಂದ ನೋಡೋಣ. ಓಡುತ್ತಿದ್ದ ಹೀರೋ ಸತ್ತ. ತಕ್ಷಣ ಸ್ಕ್ರೀನ್ ಮಧ್ಯೆ ಒಂದು ಗಡಿಯಾರ, 5, 4, 3 ಅಂತ ಇಳಿಯುತ್ತಿದೆ. ಕೆಳಗೆ ಹಸಿರು ಬಣ್ಣದ ದೊಡ್ಡ ಬಟನ್, ಪಕ್ಕದಲ್ಲಿ ಹೊಳೆಯುವ ವಜ್ರದ ಚಿತ್ರ, 'ಮುಂದುವರಿಸು'. ಬೇಡ ಅನ್ನುವುದಕ್ಕೂ ಒಂದು ದಾರಿ ಇದೆ, ಮೂಲೆಯಲ್ಲಿ, ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ, ಅದೂ ಎರಡು ಸೆಕೆಂಡ್ ತಡವಾಗಿ ಕಾಣುತ್ತದೆ. ಒಂಬತ್ತು ವರ್ಷದ ಮಗು ಯಾವುದನ್ನು ಒತ್ತುತ್ತದೆ ಹೇಳಿ. ವಜ್ರ ಖಾಲಿ ಆಯಿತು ಅಂದರೆ ಅಂಗಡಿ ತೆರೆದುಕೊಳ್ಳುತ್ತದೆ. ಬೇಕಾಗಿರುವ ಡ್ರೆಸ್ಸಿಗೆ 60 ವಜ್ರ, ಮಾರುವುದು 50ರ ಪ್ಯಾಕ್ ಅಥವಾ 100ರ ಪ್ಯಾಕ್. ನೂರರದ್ದು ತಗೊಂಡರೆ 40 ಉಳಿಯುತ್ತದೆ, ಆ ನಲವತ್ತಕ್ಕೆ ಏನೂ ಬರಲ್ಲ, ಮತ್ತೆ ತಗೋಬೇಕು. ರೂಪಾಯಿಯನ್ನು ವಜ್ರಕ್ಕೆ, ವಜ್ರವನ್ನು ಚಿನ್ನಕ್ಕೆ ಬದಲಿಸುವಷ್ಟರಲ್ಲಿ ಎಷ್ಟು ಖರ್ಚಾಯಿತು ಅಂತ ದೊಡ್ಡವರಿಗೇ ಲೆಕ್ಕ ಸಿಗಲ್ಲ.

ಇದಕ್ಕಿಂತ ಒಂದು ಕೈ ಮೇಲಿನದು ಲೂಟ್ ಬಾಕ್ಸ್. ದುಡ್ಡು ಕೊಟ್ಟು ಡಬ್ಬಿ ತಗೊಳ್ಳುವುದು, ಒಳಗೆ ಏನಿದೆ ಅಂತ ತೆರೆದ ಮೇಲೇ ಗೊತ್ತಾಗುವುದು. ಬೆಲ್ಜಿಯಂ ದೇಶ 2018ರಲ್ಲೇ ಕೆಲವು ದೊಡ್ಡ ಗೇಮ್‌ಗಳ ಲೂಟ್ ಬಾಕ್ಸ್ ಜೂಜಿನ ಕಾನೂನಿಗೆ ವಿರುದ್ಧ ಅಂತ ಹೇಳಿತು. 2020ರಿಂದ ಪೆಗಿ, ಇಎಸ್‌ಆರ್‌ಬಿ ಎರಡೂ ಇದನ್ನು ರೇಟಿಂಗ್ ಪಕ್ಕದಲ್ಲಿ ಬರೆಯುತ್ತಿವೆ. ನಮ್ಮ ಸಂಸತ್ತು 2025ರ ಆಗಸ್ಟ್‌ನಲ್ಲಿ ಪಾಸ್ ಮಾಡಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆಟಗಳನ್ನು ನಿಷೇಧಿಸಿದೆ, ಅದು ಅದೃಷ್ಟದ ಆಟ ಆದರೂ ಸರಿ, ಜಾಣ್ಮೆಯ ಆಟ ಆದರೂ ಸರಿ. ಮಗುವಿನ ಫೋನ್‌ನಲ್ಲಿ ರಮ್ಮಿ ತರಹದ ದುಡ್ಡಿನ ಆ್ಯಪ್ ಕಂಡರೆ ಆ ಕ್ಷಣವೇ ತೆಗೆಸಿ. ಆದರೆ ವಜ್ರ, ಡ್ರೆಸ್ಸು, ಸ್ಕಿನ್ನು (ಪಾತ್ರದ, ಬಂದೂಕಿನ ಹೊಸ ರೂಪ) ಮಾರುವ ಸಾಮಾನ್ಯ ಗೇಮ್‌ಗಳು ಎಂದಿನಂತೆ ಇವೆ. ಅಲ್ಲಿ ಕಾವಲು ನಮ್ಮದೇ.

ಕಾವಲು ಹಾಕುವುದು ಹೀಗೆ. ಪ್ಲೇಸ್ಟೋರ್‌ನಲ್ಲಿ ಮೇಲಿನ ನಿಮ್ಮ ಫೋಟೋ ಒತ್ತಿ, ಸೆಟ್ಟಿಂಗ್ಸ್‌ಗೆ ಹೋಗಿ, ಪ್ರತಿ ಖರೀದಿಗೂ ಪಾಸ್‌ವರ್ಡ್ ಅಥವಾ ಬೆರಳಚ್ಚು ಕೇಳುವ ಹಾಗೆ ಮಾಡಿ. ಫೋನಿನ ಬೆರಳಚ್ಚಿನ ಪಟ್ಟಿಯಲ್ಲಿ ಮಗುವಿನ ಬೆರಳೂ ಸೇರಿದ್ದರೆ ಇದರಿಂದ ಏನೂ ಉಪಯೋಗ ಇಲ್ಲ, ಅದನ್ನೂ ನೋಡಿ. ಐಫೋನ್‌ನಲ್ಲಿ ಸ್ಕ್ರೀನ್ ಟೈಮ್ ಒಳಗೆ ಗೇಮ್ ಒಳಗಿನ ಖರೀದಿಯನ್ನೇ ಪೂರ್ತಿ ಬಂದ್ ಮಾಡಬಹುದು. ಮಗುವಿನ ಕೈಗೆ ಬೇರೆ ಫೋನ್ ಅಥವಾ ಟ್ಯಾಬ್ ಇದ್ದರೆ ಅದಕ್ಕೆ ಗೂಗಲ್ ಫ್ಯಾಮಿಲಿ ಲಿಂಕ್ ಹಾಕಿ. ಹೊಸ ಆ್ಯಪ್ ಬೇಕು ಅಂದರೆ ನಿಮ್ಮ ಫೋನಿಗೆ ಕೇಳಿಕೆ ಬರುತ್ತದೆ. ಉಳಿಸಿಟ್ಟ ಕಾರ್ಡ್ ತೆಗೆದುಬಿಡಿ.

ಯುಪಿಐ ಪಿನ್ ವಿಷಯ ಮರೆಯಬೇಡಿ. ತರಕಾರಿ ಗಾಡಿ ಮುಂದೆ, ಬೇಕರಿಯಲ್ಲಿ, ಆಟೋ ಇಳಿದಾಗ ನಾವು ಮಕ್ಕಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ಪಿನ್ ಒತ್ತುತ್ತೇವೆ. ಅವರಿಗೆ ಬಾಯಿಪಾಠ ಆಗಿರುತ್ತದೆ. ಯುಪಿಐ ಲೈಟ್ ಇದ್ದರೆ ಸಣ್ಣ ಮೊತ್ತಕ್ಕೆ ಪಿನ್ನೂ ಬೇಕಿಲ್ಲ. ನಮ್ಮ ಬೀದಿಯ ಒಂದು ಮನೆಯಲ್ಲಿ ದುಡ್ಡು ಹೋಗಿದ್ದು ಅಪ್ಪನ ಫೋನಿಂದ ಅಲ್ಲ, ತಾತನ ಫೋನಿಂದ. ಪೆನ್ಷನ್ ಬರುವ ಅಕೌಂಟು, ಮೆಸೇಜ್ ಓದುವ ಅಭ್ಯಾಸ ಅವರಿಗೆ ಇಲ್ಲ, ಮೊಮ್ಮಗ ಕೇಳಿದ ಅಂತ ಪ್ರೀತಿಯಿಂದ ಫೋನ್ ಕೊಡುತ್ತಿದ್ದರು. ಬಯಲಾಗಿದ್ದು ಪಾಸ್‌ಬುಕ್ ಎಂಟ್ರಿ ಹಾಕಿಸಿದಾಗ. ಹಾಗಾಗಿ ಮನೆಯ ಎಲ್ಲಾ ಫೋನ್‌ಗಳಿಗೂ ಈ ಸೆಟ್ಟಿಂಗ್ ಮಾಡಿ, ಅಜ್ಜಿ ತಾತನದ್ದೂ ಸೇರಿಸಿ. ದುಡ್ಡು ಹೋಗಿಯೇ ಬಿಟ್ಟಿದ್ದರೆ ತಡ ಮಾಡಬೇಡಿ. ಪ್ಲೇಸ್ಟೋರ್ ಖರೀದಿ ಆದರೆ 48 ಗಂಟೆಯೊಳಗೆ ರೀಫಂಡ್ ಕೇಳಿ.

ನನ್ನ ಸಲಹೆ ಕೇಳಿದರೆ, ಫ್ರೀ ಗೇಮಿಗಿಂತ ಒಂದೇ ಸಲ ದುಡ್ಡು ಕೊಟ್ಟು ತಗೊಳ್ಳುವ ಗೇಮ್ ಮಕ್ಕಳಿಗೆ ಒಳ್ಳೆಯದು. ಜಾಹೀರಾತು ಇಲ್ಲ, ವಜ್ರ ಇಲ್ಲ. ಐಫೋನ್, ಐಪ್ಯಾಡ್ ಇರುವ ಮನೆಯವರಿಗೆ ಆ್ಯಪಲ್ ಆರ್ಕೇಡ್ ಇದೆ, ತಿಂಗಳ ಚಂದಾ, ಒಳಗೆ ಖರೀದಿ ಇಲ್ಲ, ಜಾಹೀರಾತೂ ಇಲ್ಲ. ನೆಟ್‌ಫ್ಲಿಕ್ಸ್ ಇರುವವರಿಗೆ ಅದರ ಜೊತೆಯೇ ಒಂದಷ್ಟು ಗೇಮ್‌ಗಳು ಬರುತ್ತವೆ, ಅವಕ್ಕೂ ಬೇರೆ ದುಡ್ಡಿಲ್ಲ. ತುಂಬಾ ಜನ ಚಂದಾ ಕಟ್ಟುತ್ತಿದ್ದರೂ ಇದನ್ನು ತೆರೆದೇ ನೋಡಿರಲ್ಲ.

ನಾಲ್ಕನೇ ಹೆಜ್ಜೆ: ಒಳಗೆ ಯಾರಿದ್ದಾರೆ?

ಒಬ್ಬರೇ ಆಡುವ ಗೇಮಾ, ಜೊತೆಗೆ ಬೇರೆಯವರು ಇರುತ್ತಾರಾ? ಇದ್ದರೆ ಅವರು ಯಾರು? ಟೈಪ್ ಮಾಡಿ ಮಾತಾಡುವುದಾ, ಮೈಕ್ ಇದೆಯಾ? ಈ ಪ್ರಶ್ನೆಗಳಿಗೆ ಉತ್ತರ ಸಿಗದ ಗೇಮನ್ನು ಹತ್ತು ಹನ್ನೆರಡರ ಒಳಗಿನ ಮಗುವಿಗೆ ಕೊಡಬೇಡಿ.

ಚೆಸ್ ಕೂಡ ಇದಕ್ಕೆ ಹೊರತಲ್ಲ. ಚೆಸ್ ಆ್ಯಪ್ ಅಂದರೆ ಯಾರಿಗೂ ಅನುಮಾನ ಬರಲ್ಲ, ಆದರೆ ಆನ್‌ಲೈನ್ ಚೆಸ್‌ನಲ್ಲಿ ಎದುರಾಳಿ ಮೆಸೇಜ್ ಹಾಕಬಹುದು. ಲಿಚೆಸ್ ಎಂಬ ತಾಣ ಪೂರ್ತಿ ಫ್ರೀ, ಜಾಹೀರಾತು ಇಲ್ಲ, ಅದರ ಸೆಟ್ಟಿಂಗ್ಸ್‌ನಲ್ಲಿ ಮಕ್ಕಳ ಮೋಡ್ ಅಂತ ಇದೆ. ಅದನ್ನು ಆನ್ ಮಾಡಿದರೆ ಮಾತುಕತೆಯ ಎಲ್ಲಾ ದಾರಿಯೂ ಮುಚ್ಚುತ್ತದೆ. ಆ ಒಂದು ಬಟನ್ ಒತ್ತಿ ಕೊಟ್ಟರೆ ಆರು ವರ್ಷದ ಮಗುವೂ ಆಡಬಹುದು.

ರೋಬ್ಲಾಕ್ಸ್ ಬಗ್ಗೆ ತುಂಬಾ ಜನ ಕೇಳುತ್ತಾರೆ. ಅದು ಒಂದು ಗೇಮ್ ಅಲ್ಲ, ಬಳಸುವವರೇ ಮಾಡಿ ಹಾಕಿದ ಲಕ್ಷಾಂತರ ಗೇಮ್‌ಗಳಿರುವ ಜಾಗ. ಬೆಕ್ಕು ಸಾಕುವ ಆಟವೂ ಅಲ್ಲೇ, ಹೆದರಿಸುವ ಆಟವೂ ಅಲ್ಲೇ. ಹಾಗಾಗಿ "ರೋಬ್ಲಾಕ್ಸ್ ಸರೀನಾ" ಅನ್ನುವ ಪ್ರಶ್ನೆಗೆ ಉತ್ತರ ಇಲ್ಲ. ಕೊಡಲೇಬೇಕು ಅಂತಾದರೆ ಮೂರು ಕೆಲಸ ಮಾಡಿ. ಮಗುವಿನ ನಿಜವಾದ ಹುಟ್ಟಿದ ದಿನಾಂಕ ಹಾಕಿ, ಸುಳ್ಳು ವಯಸ್ಸು ಹಾಕಿದರೆ ಮಕ್ಕಳಿಗಾಗಿ ಇಟ್ಟ ತಡೆಗಳು ಕೆಲಸ ಮಾಡಲ್ಲ. ನಿಮ್ಮದೇ ಅಕೌಂಟ್ ಮಾಡಿ ಮಗುವಿನದಕ್ಕೆ ಜೋಡಿಸಿ, ಆಗ ಎಷ್ಟು ಹೊತ್ತು ಆಡಿದ, ಎಷ್ಟು ಖರ್ಚು ಮಾಡಬಹುದು, ಎಂಥ ಗೇಮ್ ಕಾಣಬೇಕು ಎಲ್ಲಾ ನಿಮ್ಮ ಕೈಗೆ ಬರುತ್ತದೆ. ಚಾಟ್ ಪೂರ್ತಿ ಬಂದ್ ಮಾಡಿ. ನನ್ನ ಮನೆಯಲ್ಲಿ ಹತ್ತು ವರ್ಷದ ತನಕ ಇದು ಇಲ್ಲ. ನಿಮ್ಮ ಮನೆಯದು ನಿಮ್ಮ ನಿರ್ಧಾರ.

ಗೇಮ್ ಒಳಗಿನ ಚಾಟ್‌ಗಿಂತ ಜಾಸ್ತಿ ಎಚ್ಚರ ಇರಬೇಕಾದ್ದು ಅಲ್ಲಿಂದ ಹೊರಗೆ ಕರೆಯುವವರ ಬಗ್ಗೆ. ಚೆನ್ನಾಗಿ ಆಡ್ತೀಯ, ಡಿಸ್ಕಾರ್ಡ್‌ಗೆ (ಗೇಮ್ ಆಡುವವರ ಚಾಟ್ ಆ್ಯಪ್) ಬಾ, ಇನ್‌ಸ್ಟಾ ಐಡಿ ಕೊಡು, ಫ್ರೀ ಡೈಮಂಡ್ ಕೊಡ್ತೀನಿ, ಅಮ್ಮನ ಫೋನಿಗೆ ಒಂದು ನಂಬರ್ ಬರುತ್ತೆ ಹೇಳು. ಈ ವಾಕ್ಯಗಳನ್ನು ಮಗುವಿಗೆ ಮೊದಲೇ ಹೇಳಿಕೊಡಿ, ಇದೇ ಮಾತಲ್ಲಿ. "ಅಪರಿಚಿತರ ಜೊತೆ ಮಾತಾಡಬೇಡ" ಅಂದರೆ ಮಕ್ಕಳಿಗೆ ಅರ್ಥ ಆಗಲ್ಲ. ದಿನಾ ಒಟ್ಟಿಗೆ ಆಡುವವನು ಅವರಿಗೆ ಅಪರಿಚಿತನೇ ಅಲ್ಲ, ಫ್ರೆಂಡ್. ಜೊತೆಗೆ ಇದನ್ನೂ ಹೇಳಿ: "ಯಾರಾದ್ರೂ ಹಿಂಗೆ ಕೇಳಿದ್ರೆ ನನ್ ಹತ್ರ ಬಾ ಕಂದ, ನಾನು ಫೋನ್ ಕಿತ್ಕೊಳ್ಳಲ್ಲ." ಹೇಳಿದ ಮೇಲೆ ಆ ಮಾತು ಉಳಿಸಿಕೊಳ್ಳಿ, ಎಷ್ಟೇ ಸಿಟ್ಟು ಬಂದರೂ. ಫೋನ್ ಹೋಗುತ್ತೆ ಅನ್ನುವ ಭಯಕ್ಕೇ ಮಕ್ಕಳು ಬಾಯಿ ಬಿಡಲ್ಲ. ಒಟಿಪಿ ಹೇಳಿ ದುಡ್ಡು ಹೋದರೆ 1930ಕ್ಕೆ ಕೂಡಲೇ ಕರೆ ಮಾಡಿ, ಅದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ.

ಐದನೇ ಹೆಜ್ಜೆ: ಎಲ್ಲಿ ನಿಲ್ಲುತ್ತದೆ?

ಕೆಲವು ಗೇಮ್‌ಗಳಿಗೆ ಕೊನೆ ಇದೆ. ಕಥೆ ಮುಗಿಯುತ್ತದೆ, ಹಂತ ಮುಗಿಯುತ್ತದೆ, ಯಾವಾಗ ಬೇಕಾದರೂ ಸೇವ್ ಮಾಡಿ ಏಳಬಹುದು. ಕೆಲವಕ್ಕೆ ಕೊನೆ ಇಲ್ಲ. ದಿನಾ ಬಂದರೆ ಬಹುಮಾನ, ಏಳು ದಿನ ಸತತ ಬಂದರೆ ದೊಡ್ಡ ಬಹುಮಾನ, ಒಂದು ದಿನ ತಪ್ಪಿಸಿದರೆ ಮತ್ತೆ ಮೊದಲಿನಿಂದ. ಹಬ್ಬಕ್ಕೆ ಊರಿಗೆ ಹೋಗುವ ದಿನ ಮಗು ಬಸ್ಸಿನಲ್ಲಿ ನೆಟ್‌ವರ್ಕ್ ಇಲ್ಲ ಅಂತ ಅಳುತ್ತಿದ್ದರೆ ಕಾರಣ ಇದೇ ಇರಬಹುದು. ಇಂಥ ಗೇಮ್ ಚಿಕ್ಕ ಮಕ್ಕಳಿಗೆ ಬೇಡ.

ಇನ್ನೊಂದು ಬಗೆ ಬಿಜಿಎಂಐ (ಪಬ್‌ಜಿಯ ಭಾರತದ ಆವೃತ್ತಿ, ಗುಂಡು ಹಾರಿಸುವ ಆಟ) ತರಹದ ಟೀಮ್ ಗೇಮ್. ಒಂದು ಮ್ಯಾಚ್ ಅರ್ಧ ಗಂಟೆ ತನಕ ಹೋಗಬಹುದು, ಮಧ್ಯೆ ಎದ್ದರೆ ಟೀಮಿನವರು ಬೈಯುತ್ತಾರೆ. ನಾವು "ಇನ್ನು ಹತ್ತು ನಿಮಿಷ ಅಷ್ಟೇ" ಅಂತ ಹೇಳಿ ಹತ್ತನೇ ನಿಮಿಷಕ್ಕೆ ವೈಫೈ ಆಫ್ ಮಾಡಿದರೆ ಅವನ ಸಿಟ್ಟಿಗೂ ಒಂದು ಕಾರಣ ಇದೆ. ಇಂಥ ಗೇಮಿಗೆ ನಿಮಿಷದ ಲೆಕ್ಕ ಬಿಟ್ಟು ಮ್ಯಾಚಿನ ಲೆಕ್ಕ ಹಿಡಿಯಿರಿ: ಇವತ್ತು ಎರಡು ಮ್ಯಾಚ್, ಊಟಕ್ಕೆ ಮುಂಚೆ ಮುಗಿಯಬೇಕು, ಎರಡನೆಯದು ಶುರು ಮಾಡುವ ಮುಂಚೆ ಗಡಿಯಾರ ನೋಡಬೇಕು. ಬಿಜಿಎಂಐಯಲ್ಲಿ 18ರ ಒಳಗಿನವರಿಗೆ ದಿನಕ್ಕೆ 3 ಗಂಟೆ ಅಂತ ಮಿತಿ ಇದೆ. ಅದನ್ನು "ಮೂರು ಗಂಟೆ ಆಡಬಹುದು" ಅಂತ ಓದಬೇಡಿ. ಸ್ಕೂಲ್ ಇರುವ ದಿನ ಮೂರು ಗಂಟೆ ಅಂದರೆ ನಿದ್ದೆಯೋ ಹೋಂವರ್ಕೋ ಒಂದು ಹೋಗಲೇಬೇಕು.

ಫೋನ್ ಹಾಲ್‌ನಲ್ಲೇ ಇರಲಿ, ರೂಮಿನೊಳಗೆ ಬಾಗಿಲು ಹಾಕಿಕೊಂಡು ಬೇಡ. ರಾತ್ರಿ ಚಾರ್ಜರ್ ಅಪ್ಪ ಅಮ್ಮನ ರೂಮಿನಲ್ಲಿ. ನಿಯಮ ಮನೆಯವರೆಲ್ಲರಿಗೂ ಒಂದೇ ಇರಬೇಕು, ಅಮ್ಮ ಬೇಡ ಅಂದದ್ದನ್ನು ಅಜ್ಜಿ ಕೊಡುವ ಹಾಗಾದರೆ ಮಗು ಅಜ್ಜಿ ಹತ್ತಿರವೇ ಹೋಗುತ್ತದೆ.

ಆರನೇ ಹೆಜ್ಜೆ: ಅರ್ಧ ಗಂಟೆ ನೀವೇ ಆಡಿ

ಇದನ್ನು ದಯವಿಟ್ಟು ಬಿಡಬೇಡಿ. ಮಗು ಮಲಗಿದ ಮೇಲೆ ನಿಮ್ಮ ಫೋನ್‌ನಲ್ಲಿ ಹಾಕಿಕೊಂಡು ಆಡಿ. ಗೆಲ್ಲಬೇಕಾಗಿಲ್ಲ. ಹತ್ತು ನಿಮಿಷದಲ್ಲಿ ಎಷ್ಟು ಜಾಹೀರಾತು ಬಂತು, ಯಾವುದರ ಜಾಹೀರಾತು ಬಂತು ಅಂತ ನೋಡಿ. ಹಣ್ಣು ಕತ್ತರಿಸುವ ಪಾಪದ ಗೇಮ್ ಮಧ್ಯೆ ಮಕ್ಕಳು ನೋಡಬಾರದ ಜಾಹೀರಾತು ಬಂದಿದ್ದನ್ನು ನಾನೇ ನೋಡಿದ್ದೇನೆ. ಒಂದು ಸಲ ಬೇಕಂತಲೇ ಸೋಲಿ, ಸೋತಾಗ ಗೇಮ್ ಹೇಗೆ ನಡೆದುಕೊಳ್ಳುತ್ತದೆ ಅಂತ ಗೊತ್ತಾಗುತ್ತದೆ. ಮಧ್ಯದಲ್ಲಿ ನಿಲ್ಲಿಸಿ ನೋಡಿ. ಯಾರಾದರೂ ಮೆಸೇಜ್ ಹಾಕುತ್ತಾರಾ ಅಂತ ಕಾಯಿರಿ.

ಪ್ಲೇಸ್ಟೇಷನ್ ಗೇಮ್ ಆದರೆ ಕೊಳ್ಳುವ ಮುಂಚೆ ಹೀಗೆ ಆಡೋಕಾಗಲ್ಲ. ಆಗ ಯೂಟ್ಯೂಬ್‌ನಲ್ಲಿ ಆ ಗೇಮಿನ ಹೆಸರು ಹಾಕಿ, ಯಾರೂ ಮಾತಾಡದೆ ಸುಮ್ನೆ ಆಡಿ ತೋರಿಸಿದ ವಿಡಿಯೋ ಹುಡುಕಿ. ಟ್ರೇಲರ್ ಬೇಡ. ಶುರುವಿನ ಹತ್ತು ನಿಮಿಷ, ಮಧ್ಯದ ಹತ್ತು ನಿಮಿಷ ನೋಡಿ. ಎಷ್ಟೋ ಗೇಮ್‌ಗಳು ಶುರುವಿನಲ್ಲಿ ಮುದ್ದಾಗಿದ್ದು ಆಮೇಲೆ ಬೇರೆಯೇ ಆಗುತ್ತವೆ.

ಎಸ್‌ಪಿ ರೋಡ್‌ನಲ್ಲೋ ಮೆಜೆಸ್ಟಿಕ್‌ನ ನ್ಯಾಷನಲ್ ಮಾರ್ಕೆಟ್‌ನಲ್ಲೋ ಸೆಕೆಂಡ್ ಹ್ಯಾಂಡ್ ಡಿಸ್ಕ್ ತಗೊಳ್ಳುವುದಾದರೆ ಡಬ್ಬಿಯ ಮೇಲಿನ ನಂಬರ್ ನೋಡಿ, ಒಳಗಿನ ಡಿಸ್ಕ್ ಅದೇನಾ ಅಂತಲೂ ನೋಡಿ. ಕ್ರ್ಯಾಕ್ ಮಾಡಿದ, ಅಂದರೆ ಬೀಗ ಮುರಿದು ನಕಲು ಮಾಡಿದ ಗೇಮ್ ಪೆನ್‌ಡ್ರೈವ್‌ನಲ್ಲಿ ಹಾಕಿಕೊಡುತ್ತೇವೆ ಅಂದರೆ ಬೇಡ ಅನ್ನಿ. ಫೋನ್‌ನಲ್ಲೂ ಅಷ್ಟೇ, ಸ್ಟೋರ್ ಬಿಟ್ಟು ಹೊರಗಿನಿಂದ ಇಳಿಸುವ 'ಮಾಡ್' (ಬೇರೆ ಯಾರೋ ತಿದ್ದಿದ ಗೇಮ್) ಫೈಲ್‌ಗಳಲ್ಲಿ ಏನಿದೆ ಅಂತ ಯಾರಿಗೂ ಗೊತ್ತಿಲ್ಲ, ಅದೇ ಫೋನ್‌ನಲ್ಲಿ ನಿಮ್ಮ ಬ್ಯಾಂಕ್ ಆ್ಯಪೂ ಇರುತ್ತದೆ.

ಯಾವಾಗ ಡಾಕ್ಟರ್ ಹತ್ತಿರ ಹೋಗಬೇಕು?

ಜಾಸ್ತಿ ಆಡುವ ಮಕ್ಕಳೆಲ್ಲಾ ಕಾಯಿಲೆಯವರಲ್ಲ. ಇದನ್ನು ಮೊದಲು ಮನಸ್ಸಿಗೆ ತಗೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆ 'ಗೇಮಿಂಗ್ ಡಿಸಾರ್ಡರ್' ಅಂತ ತನ್ನ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ, ಆ ಪಟ್ಟಿ 2022ರ ಜನವರಿಯಿಂದ ಜಾರಿಯಲ್ಲಿದೆ. ಅದು ಹೇಳುವುದು ಹೀಗೆ: ಆಟದ ಮೇಲೆ ಹಿಡಿತ ತಪ್ಪಿರಬೇಕು, ಉಳಿದೆಲ್ಲಕ್ಕಿಂತ ಆಟವೇ ಮೇಲಾಗಿರಬೇಕು, ತೊಂದರೆ ಆಗುತ್ತಿದೆ ಅಂತ ಗೊತ್ತಿದ್ದೂ ನಿಲ್ಲದೇ ಇರಬೇಕು, ಮತ್ತು ಇದು ಸಾಮಾನ್ಯವಾಗಿ 12 ತಿಂಗಳಾದರೂ ಕಂಡಿರಬೇಕು. ಆದರೆ ನಿದ್ದೆ, ಊಟ, ಸ್ಕೂಲ್ ಮೂರೂ ಹದಗೆಟ್ಟಿದ್ದರೆ ವರ್ಷ ತುಂಬಲಿ ಅಂತ ಕಾಯಬೇಡಿ. ನಮ್ಮ ಅದೃಷ್ಟ, ಇದಕ್ಕೆ ಬೇರೆ ಊರಿಗೆ ಹೋಗಬೇಕಾಗಿಲ್ಲ. ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೆಂದೇ 'ಶಟ್' ಅನ್ನುವ ಕ್ಲಿನಿಕ್ ಇದೆ. ಮೊದಲು ಫೋನ್‌ನಲ್ಲಿ ಮಾತಾಡೋಣ ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್, ನಂಬರ್ 14416, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಸರಿ, ಹೆಸರು ಹೇಳಿ ಅಂತೀರಾ?

ಆರರಿಂದ ಎಂಟಕ್ಕೆ: ಜಿಕಾಂಪ್ರಿಸ್, ಫ್ರೀ, ಜಾಹೀರಾತು ಇಲ್ಲ, ಲೆಕ್ಕ, ಅಕ್ಷರ, ಒಗಟು ಎಲ್ಲಾ ಸೇರಿ ನೂರಕ್ಕೂ ಜಾಸ್ತಿ ಚಟುವಟಿಕೆ. ಗೇಮ್ ಆಡುವುದಕ್ಕಿಂತ ಮಾಡುವುದರಲ್ಲಿ ಆಸೆ ಇರುವ ಮಗುವಿಗೆ ಸ್ಕ್ರಾಚ್ ಜೂನಿಯರ್, ಎಂಟು ದಾಟಿದ ಮೇಲೆ ಸ್ಕ್ರಾಚ್.

ಎಂಟು ಒಂಬತ್ತಕ್ಕೆ ಮೈನ್‌ಕ್ರಾಫ್ಟ್ ನನಗೆ ಇಷ್ಟ, ಚೌಕದ ಬ್ಲಾಕ್ ಜೋಡಿಸಿ ಮನೆ, ಊರು ಕಟ್ಟುವ ಆಟ. ಕ್ರಿಯೇಟಿವ್ ಮೋಡ್ ಹಾಕಿ, ದೆವ್ವ ರಾಕ್ಷಸರು ಬರದಂತೆ ಪೀಸ್‌ಫುಲ್ ಅಂತ ಇಡಿ, ಹೊರಗಿನ ಸರ್ವರ್ (ಗುರುತಿಲ್ಲದವರ ಜೊತೆ ಸೇರಿ ಆಡುವ ಜಾಗ) ಬೇಡ. ಒಳಗೆ ಮೈನ್‌ಕಾಯಿನ್ ಅಂಗಡಿ ಇದೆ, ಅದಕ್ಕೆ ಮೂರನೇ ಹೆಜ್ಜೆಯ ಬೀಗ ಬೇಕೇ ಬೇಕು.

ಮಿನಿ ಮೆಟ್ರೋವನ್ನು ಬೆಂಗಳೂರಿನ ಮಕ್ಕಳಿಗೆ ಕೊಟ್ಟು ನೋಡಿ. ಬಿಳಿ ಸ್ಕ್ರೀನ್ ಮೇಲೆ ವೃತ್ತ, ತ್ರಿಕೋನ, ಚೌಕದ ಸ್ಟೇಷನ್‌ಗಳು ಒಂದೊಂದೇ ಹುಟ್ಟುತ್ತವೆ, ಬೆರಳಲ್ಲಿ ಗೆರೆ ಎಳೆದು ಅವನ್ನು ಜೋಡಿಸಬೇಕು. ತ್ರಿಕೋನದ ಪ್ಯಾಸೆಂಜರ್ ತ್ರಿಕೋನದ ಸ್ಟೇಷನ್ನಿಗೇ ಹೋಗಬೇಕು. ನದಿ ದಾಟಿಸೋಕೆ ಸುರಂಗ ಬೇಕು, ಸುರಂಗ ಇರುವುದು ಎರಡೋ ಮೂರೋ. ಒಂದು ಸ್ಟೇಷನ್‌ನಲ್ಲಿ ಜನ ತುಂಬಿಹೋದರೆ ಆಟ ಮುಗಿಯಿತು. ಮೆಜೆಸ್ಟಿಕ್‌ನಲ್ಲಿ ನೇರಳೆಯಿಂದ ಹಸಿರು ಲೈನಿಗೆ ಬದಲಿಸುವಾಗ ಆ ನೂಕುನುಗ್ಗಲು ನೋಡಿದ ಮಗುವಿಗೆ ಹೇಳಿಕೊಡಬೇಕಾದ್ದು ಏನೂ ಇಲ್ಲ. ಹತ್ತು ಹದಿನೈದು ನಿಮಿಷದಲ್ಲಿ ಒಂದು ಆಟ ಮುಗಿಯುತ್ತದೆ, ಚಾಟ್ ಇಲ್ಲ, ವಜ್ರ ಇಲ್ಲ.

ಹತ್ತು ದಾಟಿದವರಿಗೆ ಸ್ಟಾರ್‌ಡ್ಯೂ ವ್ಯಾಲಿ, ಹೊಲ ಮಾಡುವ ಆಟ. ಇಎಸ್‌ಆರ್‌ಬಿ 'ಇ10+' ಕೊಟ್ಟಿದೆ, ಆದರೆ ಊರಿನಲ್ಲಿ ಒಂದು ಬಾರ್ ಇದೆ, ಆಟದಲ್ಲಿ ಮುಂದೆ ಜೂಜಿನ ಕ್ಯಾಸಿನೋ ಕೂಡ ಇದೆ, ನಿಜವಾದ ದುಡ್ಡೇನೂ ಅಲ್ಲ. ಗೊತ್ತಿರಲಿ ಅಂತ ಹೇಳಿದೆ. ವೆನ್ಬಾ ಅನ್ನುವುದು 2023ರಲ್ಲಿ ಬಂದ ಸಣ್ಣ ಗೇಮ್, ಕೆನಡಾಗೆ ಹೋದ ಒಂದು ತಮಿಳು ಮನೆಯ ಕಥೆ, ಹರಿದುಹೋದ ಅಡುಗೆ ಪುಸ್ತಕ ನೋಡಿಕೊಂಡು ಇಡ್ಲಿ ಬೇಯಿಸಬೇಕು. ಒಂದು ಸಂಜೆಯಲ್ಲಿ ಮುಗಿಯುತ್ತದೆ, ಅಮ್ಮಂದಿರು ಪಕ್ಕದಲ್ಲಿ ಕೂತು ನೋಡಬಹುದು.

ಮನೆಯವರೆಲ್ಲಾ ಸೇರಿ ಆಡೋಕೆ ಓವರ್‌ಕುಕ್ಡ್. ಒಂದು ಅಡುಗೆಮನೆ, ನಾಲ್ಕು ಜನರ ತನಕ, ಒಬ್ಬರು ಹೆಚ್ಚಬೇಕು, ಒಬ್ಬರು ಬೇಯಿಸಬೇಕು, ಒಬ್ಬರು ಪಾತ್ರೆ ತೊಳೆಯಬೇಕು, ಗಲಾಟೆಯೋ ಗಲಾಟೆ. ಹನ್ನೆರಡು ದಾಟಿದ ಮಗುವಿನ ಜೊತೆ ಇಟ್ ಟೇಕ್ಸ್ ಟೂ ಆಡಬಹುದು. ಅದರ ಕಥೆ ಬೇರೆಯಾಗಲು ಹೊರಟ ಅಪ್ಪ ಅಮ್ಮನದ್ದು, ನಿಮ್ಮ ಮಗುವಿಗೆ ಅದು ಹೇಗೆ ತಟ್ಟುತ್ತದೆ ಅಂತ ಯೋಚಿಸಿ ಕೊಡಿ. ಇದನ್ನು ಒಬ್ಬರೇ ಆಡೋಕೆ ಬರುವುದೇ ಇಲ್ಲ, ಇಬ್ಬರು ಬೇಕು. ಕನ್ಸೋಲ್ ಜೊತೆ ಸಾಮಾನ್ಯವಾಗಿ ಒಂದೇ ಕಂಟ್ರೋಲರ್ ಬರುತ್ತದೆ, ಹಾಗಾಗಿ ಗೇಮ್ ತರುವ ಮುಂಚೆ ಎರಡನೆಯದನ್ನು ತಂದಿಟ್ಟುಕೊಳ್ಳಿ.